ತೂಕಕ್ಕೆ ಹಾಕಿದ ತೋಟಾ ಯಂತ್ರ

…ಇಲ್ಲ ಇಲ್ಲ, ಹೃಷಿಕೇಶ್, ನೀನು ಅಲ್ಲೇ ನಿಲ್ಲು, ಶೆಡ್ಡಿನ ಬಾಗಿಲಲ್ಲಿ. ಎರಡು ಮೀಟರ್ ಅಂದರೆ ಎರಡು ಮೀಟರ್. ಸೋಮವಾರ ನಮ್ಮ ಕಿಲ್ಡೇರ್ ಜಿಲ್ಲೆಯ ಲಾಕ್‌ಡೌನ್ ತೆಗೆದರು ಅಂತ ಈ ನೇಸ್ ಊರಿನವರೆಲ್ಲ ಒಬ್ಬರ ಮೇಲೊಬ್ಬರು ಬೀಳುತ್ತಿದ್ದಾರೆ. ನಾವು ಬೀಳುವುದು ಬೇಡ. ಮಾಸ್ಕ್ ಮೂಗಿನ ಮೇಲಕ್ಕೆ. ಹಾಂ.

ಇದೇ ಯಂತ್ರ. ಪಕ್ಕದ ಮನೆ ನೋರಾಳ ಗಂಡ ಐರ್ಲೆಂಡಿಗೆ ಬರುವ ಮುಂಚೆ ಇಂಗ್ಲೆಂಡಿನಲ್ಲಿದ್ದಾಗ ಬಳಸುತ್ತಿದ್ದದ್ದು. ಹಾರಿಸಿದ ತೋಟಾದ ಖಾಲಿ ಕೋಶಕ್ಕೆ ಮತ್ತೆ ಮದ್ದು ತುಂಬಿ ಒತ್ತುವುದು… ನಿನಗೆ ಹೇಳಬೇಕೇ, ವಾರವಾರ ಕ್ಲಬ್ಬಿಗೆ ಹೋಗಿ ಹಾರುವ ಮಣ್ಣಿನ ಬಿಲ್ಲೆಗೆ ಗುಂಡು ಹೊಡೆಯುವವನು. ಗಾಬರಿ ಬೇಡ, ಮದ್ದೂ ಇಲ್ಲ, ತೋಟಾವೂ ಇಲ್ಲ. ಗಾರ್ಡಾ ಪೊಲೀಸ್ ಸ್ಟೇಷನ್ನಿಗೆ ನಾನೇ ಫೋನ್ ಮಾಡಿ ತಿಳಿಸಿದ್ದೇನೆ. ಅಕ್ಕಮ್ಮ ಅನ್ನುವ ನನ್ನ ಹೆಸರು ಬರೆದುಕೊಳ್ಳಲಿಕ್ಕೆ ಅಲ್ಲಿಯವನಿಗೆ ಐದು ನಿಮಿಷ ಬೇಕಾಯಿತು.

ನಮ್ಮ ಶೆಡ್ಡಿಗೆ ಯಾಕೆ ಬಂತು ಅಂತಲಾ? ನೋರಾಳ ಶೆಡ್ಡು ಸೋರುತ್ತದೆ. ಕೊಂಡವರು ಬಂದು ಒಯ್ಯುವ ತನಕ ಇಲ್ಲಿರಲಿ ಅಂತ. ಯಾರೋ ಒಬ್ಬರು. ಮರ್ಯಾದಸ್ಥರು.

ಬೆಲೆ ಕಟ್ಟಿದ್ದು ನಾನೇ. ಕೊಡಗಿನಲ್ಲಿ ಮನೆಮನೆಗೂ ಕೋವಿ ಇದೆ ಅಂತೀಯಲ್ಲ, ನ್ಯಾಯವಾದ ಬೆಲೆ ನೀನೇ ಹೇಳು ಅಂದಳು ನೋರಾ. ಹೇಳಿಕೊಂಡಿದ್ದೆ, ಹೌದು… ಸ್ವಲ್ಪ ಹೆಚ್ಚೇ ಹೇಳಿಕೊಂಡಿದ್ದೆ. ಆಮೇಲೆ ಗೊತ್ತಿಲ್ಲ ಅನ್ನಲಿಕ್ಕಾಗುತ್ತದಾ? ನಮ್ಮಲ್ಲಿ ಹಳೇ ಪಾತ್ರೆಗೆ ಹೇಗೆ ಬೆಲೆ ಕಟ್ಟುತ್ತಾರೆ? ತೂಕಕ್ಕೆ. ಕಬ್ಬಿಣ ಬೇರೆ, ಹಿತ್ತಾಳೆ ಬೇರೆ, ಸವೆದದ್ದಕ್ಕೆ ಒಂದಿಷ್ಟು ಕಳೆಯುವುದು. ಬಾತ್‌ರೂಮಿನ ತೂಕದ ಮಿಷನ್ ಮೇಲೆ ಮೊದಲು ಬರಿಗೈಯಲ್ಲಿ ನಿಂತೆ, ಆಮೇಲೆ ಇದನ್ನು ಎತ್ತಿಕೊಂಡು ನಿಂತೆ. ನನ್ನನ್ನು ಕಳೆದರೆ ಹದಿಮೂರು ಕೆ.ಜಿ. ಆ ಲೆಕ್ಕಕ್ಕೆ ಹತ್ತು ಯೂರೋವೂ ಬರುವುದಿಲ್ಲ. ವಿಧವೆಯ ಸಾಮಾನು ಅಂತ ನಲವತ್ತು ಯೂರೋ ಕೊಡಿಸಿದೆ. ಯಾಕೆ ನಗುತ್ತೀಯ? ನನ್ನ ತೂಕ ನಾನು ಹೇಳಲಿಲ್ಲವಲ್ಲ.

ಕೇಳು. ಈಗ ಡ್ರೋಹೆಡಾದಿಂದ ಅವಳ ಮಗ ಫೋನ್ ಮಾಡಿದ್ದಾನೆ. ಬೆಲೆ ಕಟ್ಟಿದ್ದು ಯಾರು, ಕೊಂಡದ್ದು ಯಾರು ಅಂತ. ನಾಳೆ ಬರುತ್ತಾನಂತೆ. ಒಂಬತ್ತು ವರ್ಷದ ನೆರೆ ಕಣೋ. ಈ ಮಾರ್ಚಿನಿಂದ ಅವಳು ಹೊರಗೆ ಕಾಲಿಟ್ಟಿಲ್ಲ. ಅವಳ ಹಾಲು, ಬ್ರೆಡ್ಡು, ಮಾತ್ರೆ, ಎಲ್ಲ ನನ್ನ ಕೈಯಿಂದಲೇ. ಚಿಲ್ಲರೆ ಎಣಿಸದೆ ಪರ್ಸಿಗೆ ಹಾಕಿಕೊಳ್ಳುತ್ತಾಳೆ. ಅಂಥವಳ ಮಗ ನನ್ನನ್ನು ಬೇರೆ ಥರ ನೋಡಬಾರದು. ಅದಕ್ಕೇ ನಿನ್ನನ್ನು ಕರೆಸಿದ್ದು. ಬೆಲೆ ಸರಿಯಾಗಿದೆ ಅಂತ ನೀನು ಒಂದು ಮಾತು ಹೇಳಿದರೆ ಮುಗಿಯಿತು.

ನಾನು ಆ ಮೂಲೆಗೆ ಸರಿಯುತ್ತೇನೆ, ನೀನು ಒಳಗೆ ಬಾ. ಹಿಡಿ ಎಳೆದು ನೋಡು, ನೋಡು. ಎಣ್ಣೆ ಹಾಕಿದ ಹಾಗೆ ಬರುತ್ತದೆ. ಆ ಡಬ್ಬದಲ್ಲಿರುವ, ತೋಟಾ ಒತ್ತುವ ಅಚ್ಚುಗಳಾ? ಅವನ್ನು ತೂಗಲೇ ಇಲ್ಲ, ಹೆಬ್ಬೆರಳಷ್ಟಿವೆ… ಯಾಕೆ, ಅವೇ ದುಬಾರಿಯಾ?

ಎಷ್ಟಾಗಬಹುದು ಎಲ್ಲ ಸೇರಿ? ಬೆರಳಲ್ಲಿ ತೋರಿಸು, ನಿನ್ನ ಮಾಸ್ಕಿನೊಳಗಿನ ಮಾತು ಕೇಳಿಸುವುದಿಲ್ಲ. ನಾಲ್ಕು. ನೋಡಿದೆಯಾ, ನಲವತ್ತು, ನಾನು ಹೇಳಲಿಲ್ಲವೇ… ತಲೆ ಯಾಕೆ ಅಲ್ಲಾಡಿಸುತ್ತೀಯ?

ನಾನೂರಾ.

ಸರಿ. ಆಯಿತು. ಕೊಂಡವರಿಗೆ ತಿಳಿಸುತ್ತೇನೆ. ಬೇರೆ ಯಾರಾದರೂ ಆಗಿದ್ದರೆ ಜಗಳಕ್ಕೆ ಬರುತ್ತಿದ್ದರು, ಇವರು ಹಾಗಲ್ಲ. ಹೆಸರು ನಿನಗೆ ಗೊತ್ತಿರಲಿಕ್ಕಿಲ್ಲ… ಕ್ಯಾಸಲ್‌ನಾಕ್ ಕಡೆಯವರು.

ಏನು ನೋಡುತ್ತಿದ್ದೀಯ ಅಲ್ಲಿ, ಹಿಡಿಯ ಬುಡದಲ್ಲಿ? ತುಕ್ಕು ಅದು. …ತುಕ್ಕು ಆ ಬಣ್ಣಕ್ಕೆ ಇರುವುದಿಲ್ಲ, ಒಪ್ಪಿದೆ. ಪೇಂಟ್ ಇರಬೇಕು. ಮಾಸ್ಕ್ ತೆಗೆದು ಮೂಸಬೇಡ.

ಹೃಷಿ, ಹಾಗೆ ನೋಡಬೇಡ. ನಮ್ಮ ಕಾನ್ವೆಂಟಿನ ಮದರ್ ಕೂಡ ಹೀಗೇ, ಬೈಯುತ್ತಲೇ ಇರಲಿಲ್ಲ…

ಗಂಧ ಅದು. ಮೊನ್ನೆ ಗುರುವಾರ ನಮ್ಮ ಕೈಲ್ ಪೊಳ್ದ್ ಹಬ್ಬ. ಅಂದು ನಮ್ಮ ಮನೆಗಳಲ್ಲಿ ಕೋವಿಗೆ ಗಂಧ ಹಚ್ಚಿ, ಹೂವಿಟ್ಟು ಕೈ ಮುಗಿಯುತ್ತೇವೆ. ಇಲ್ಲಿ ಕೋವಿ ಎಲ್ಲಿಂದ ತರಲಿ? ನಮ್ಮವರು ವಿಮಾನ ನಿಂತಾಗಿನಿಂದ ಮಡಿಕೇರಿಯಲ್ಲೇ ಸಿಕ್ಕಿಕೊಂಡಿದ್ದಾರೆ. ವಿಡಿಯೋದಲ್ಲಿ ಅವರು ತಮ್ಮ ಕೋವಿ ತೋರಿಸಿದರು. ನಾನು ಇದನ್ನು ತೋರಿಸಿದೆ. ಎಷ್ಟು ತಿಂಗಳ ಮೇಲೆ ನಕ್ಕರು ಗೊತ್ತಾ ಆ ಮನುಷ್ಯ.

ಹೌದು. ಬೆಲೆ ಕಟ್ಟಿದವಳೂ ನಾನೇ, ಕೊಂಡವಳೂ ನಾನೇ. ತೂಕದಲ್ಲಿ ಒಂದು ಗ್ರಾಮೂ ಮೋಸ ಮಾಡಲಿಲ್ಲ. ಆದರೆ ಕೊಳ್ಳುವವಳು ನಾನು ಅಂತ ನೋರಾಗೆ ಹೇಳಲಿಕ್ಕೆ ಬಾಯಿ ಬರಲಿಲ್ಲ. ಬೆಲೆ ಸರಿಯಿಲ್ಲ ಅಂತ ಆಗಲೇ ತಿಳಿಯಬೇಕಿತ್ತು.

ನಡಿ. ನಾಳೆ ಮಗ ಬರುವ ತನಕ ಕಾಯುವುದು ಬೇಡ. ಉಳಿದ ದುಡ್ಡು ಬೇಕೋ, ಯಂತ್ರ ವಾಪಸ್ ಬೇಕೋ, ನೋರಾಳೇ ಹೇಳಲಿ. ನೀನೂ ಬಾ, ಗೇಟಿನ ಹೊರಗೆ ನಿಲ್ಲು. ನಾನು ವಿಷಯ ಬಿಟ್ಟು ಹವಾಮಾನದ ಮಾತು ತೆಗೆದರೆ ಒಂದು ಸಲ ಕೆಮ್ಮು… ಬೇಡ, ಬೇಡ. ಕೆಮ್ಮಿದರೆ ಅವಳು ಬಾಗಿಲು ಹಾಕಿಕೊಂಡುಬಿಡುತ್ತಾಳೆ. ಗೇಟು ಅಲ್ಲಾಡಿಸು, ಸಾಕು.