ವಿಭೂತಿ ತಟ್ಟೆ ಹಿಡಿಯುವವಳು

ತಾಳವಾಡಿ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಚಿಕ್ಕಬಸಪ್ಪ ವಚನವೊಂದನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದ. ಪಕ್ಕದಲ್ಲಿ ಮುದುಕಿ ಪುಟ್ಟಮಲ್ಲಮ್ಮನನ್ನು ಅವಳ ಓರಗಿತ್ತಿ ಮಂಗಳಗೌರಿ ತರಾಟೆಗೆ ತೆಗೆದುಕೊಂಡಾಗ ವಚನ ಅರ್ಧಕ್ಕೇ ನಿಂತಿತು.

“ಅಕ್ಕಾ, ಚರ್ಚಿಗೋಗೋಳ್ನ ಮದ್ವೆಯಾದೋನು ನಮ್ಮ ಮನೆತನದ ಗದ್ದುಗೆ ಮ್ಯಾಲೆ ಕುಂತ್ಕಳದಾ? ಲಿಂಗ ಕಟ್ಟದೋಳು ಮನೇಲಿದ್ರೆ ಗದ್ದುಗೆ ಇಲ್ಲ ಅಂತ ಊರ ಯಜಮಾನ್ರು ಅಂದವ್ರಲ್ಲ!”

“ಅನ್ಲಿ. ಕುಂತ್ಕಳೋನ ಅಣೆಗೆ ಈಬೂತಿ ಇಡೋಳು ಯಾರಮ್ಮಿ?”

“ಮನೆಗೆ ದೊಡ್ಡೋಳು. ನೀನೇ.”

“ನಾನು ಇಡ್ದೆ ಓದ್ರೆ?”

“ಯಾರೂ ಕುಂತ್ಕಳಂಗಿಲ್ಲ.”

“ಯಜಮಾನ್ರಿಗೆ ಅದ್ನೇ ಏಳ್ಬುಟ್ಟು ಬಂದಿವ್ನಿ. ಇಟ್ರೆ ನನ್ ಮೊಮ್ಮಗ ಉಮಾಶಂಕರನಿಗೆ, ಇಲ್ದಿದ್ರೆ ಗದ್ದುಗೆ ಕಾಲಿ ಬಿದ್ದಿರ್ಲಿ.”

“ಅಯ್ಯೋ ಶಿವ್ನೇ! ಏನಂದ್ರು?”

“ಒಬ್ರು ಕೆಮ್ಮುದ್ರು. ಇನ್ನೊಬ್ರು, ಗದ್ದುಗೆ ಮ್ಯಾಲೆ ಕೂರ್ಸಕ್ಕೆ ಸ್ವಾಮಾರದ ದಿನ ಆಗ್ಬೋದಾ ಅಂದ್ರು.”

“ಮತ್ತೀಗ ಎಲ್ಗೊಂಟೆ?”

“ಆಸನೂರ್ಗೆ, ಅವ್ನ ಎಂಡ್ರನ್ನ ತೌರಿಂದ ಕರ್ಕಬರಕ್ಕೆ. ಈಬೂತಿ ತಟ್ಟೆ ಅವ್ಳೇ ಇಡ್ಕಳ್ಲಿ. ನಾನೂ ನೀನೂ ಇಲ್ದಾಗ ಈಬೂತಿ ಇಡೋಳು ಅವ್ಳೇ ಕಣಮ್ಮಿ, ಕಲೀಬೇಕಲ್ಲ.”

ಹಾಸನೂರಿನ ಬಸ್ಸು ಬಂತು. ಪುಟ್ಟಮಲ್ಲಮ್ಮ ಮೆಟ್ಟಿಲ ಮೇಲೆ ಕಾಲಿಟ್ಟಳು. “ತಡಿ, ಒಬ್ಳೇ ಓಗ್ಬ್ಯಾಡ, ನಾನೂ ಬತ್ತೀನಿ” ಎಂದು ಮಂಗಳಗೌರಿ ಸೆರಗು ಸಿಕ್ಕಿಸಿಕೊಂಡು ಅವಳ ಹಿಂದೆಯೇ ಹತ್ತಿದಳು.

ಚಿಕ್ಕಬಸಪ್ಪ ನಿಂತುಹೋಗಿದ್ದ ವಚನವನ್ನು ಮತ್ತೆ ಮೊದಲಿನಿಂದ ಹಿಡಿದ, ಈ ಸಲ ತುಸು ದೊಡ್ಡ ದನಿಯಲ್ಲೇ.