ಬಾಗಿಲಿಗಿಟ್ಟ ಗೋರಿ ದೀಪ

...ಹೊಟ್ಟೆಕಿಚ್ಚು ಅಂದ್ರೆ ಹೊಟ್ಟೆಕಿಚ್ಚೇ ಕಣ್ರೋ, ಅದಕ್ಕೆ ಬೇರೆ ಹೆಸರಿಟ್ಟು ಏನ್ ಮಾಡ್ಲಿ. ಆಗ ನಿಮ್ಮಮ್ಮ ಇನ್ನೂ ಸ್ಕೂಲಿಗೆ ಹೋಗ್ತಿದ್ಲು. ನನಗೆ ಇಲ್ಲೇ ಐರ್ಲೆಂಡಿನ ಕಿಲ್ಕೆನ್ನೀಲಿ, ವಯಸ್ಸಾದವರನ್ನ ನೋಡ್ಕೊಳ್ಳೋ ಹೋಮಲ್ಲಿ ಕೆಲಸ, ಜೊತೆಗೆ ಪೋಲೆಂಡಿನ ದನೂತಾ. ಇಬ್ಬರೂ ಸೇರಿ ಹಾಸಿಗೆ ಬಟ್ಟೆ ಬದಲಾಯಿಸ್ತಿದ್ರೆ ಅವಳ ಬಾಯಲ್ಲಿ ಬರೀ ಅವಳ ಗ್ಮಿನಾ. ಗ್ಮಿನಾ ಅಂದ್ರೆ ನಮ್ಮ ಪಂಚಾಯ್ತಿ ಇದ್ದಂಗೆ, ಹತ್ತು ಹಳ್ಳಿ, ಅಲ್ಲಲ್ಲ, ಹನ್ನೆರಡು ಹಳ್ಳಿ ಸೇರಿದ್ದು. ಈ ಹಳ್ಳೀಲಿ ಮರದ ಚರ್ಚು, ಆ ಹಳ್ಳೀಲಿ ಕೆರೆ, ಕರೆಂಟ್ ಕಂಬದ ಮೇಲೆಲ್ಲ ಕೊಕ್ಕರೆ ಗೂಡು. ನವೆಂಬರ್ ಬಂತೋ, ಅವರ ಸತ್ತೋರ ಹಬ್ಬ, ವಿಮಾನದಲ್ಲಿ ಮೂರೇ ಗಂಟೆ ದಾರಿ, ಹೋಗಿ ಅವರಪ್ಪನ ಗೋರಿಗೆ ದೀಪ ಹಚ್ಚಿ ಬರೋಳು. ಆ ವರ್ಷ ಜೂನಲ್ಲಿ ಮೈಸೂರಲ್ಲಿ ನಮ್ಮಪ್ಪ ಹೋದ್ರು. ಪರ್ಮಿಟ್ ರಿನ್ಯೂ ಮಾಡ್ಸೋಕೆ ಪಾಸ್‌ಪೋರ್ಟ್ ಕೊಟ್ಟು ಕೂತಿದ್ದೆ, ಹೋಗಕ್ಕಾಗ್ಲಿಲ್ಲ. ಫೋನಲ್ಲಿ ಅವರೆಲ್ಲ ಅಳೋದು ಕೇಳಿಸ್ಕೊಂಡೆ, ಅಷ್ಟೇ. ಕೆಲಸದಲ್ಲಿ ಯಾರಿಗೂ ಹೇಳ್ಲಿಲ್ಲ, ಹೇಗಿದೀಯ ಅಂದ್ರೆ ಇಲ್ಲಿನೋರ ಥರ ‘ಗ್ರ್ಯಾಂಡ್’, ಚೆನ್ನಾಗಿದೀನಿ ಅಂತಿದ್ದೆ. ದನೂತಾ ಟಿಕೆಟ್ ತೋರಿಸಿದ್ರೆ ಮಾತ್ರ ಮೈಯೆಲ್ಲ ಉರಿಯೋದು.

ಅಕ್ಟೋಬರ್ ಕೊನೇಲಿ ದೀಪಾವಳಿ ಬಂತು. ಮದುವೆಯಾದ ಮಗಳಿಗೆ ಮೂರೇ ದಿನ ಸೂತಕ, ಹಬ್ಬ ಮಾಡ್ಬೋದು. ಆದ್ರೆ ಇಲ್ಲಿನ ಗಾಳಿ ಗೊತ್ತಲ್ಲ, ಹಣತೆ ನಿಲ್ಲಲ್ಲ. ಪೋಲಿಷ್ ಅಂಗಡೀಲಿ ಮುಚ್ಚಳ ಇರೋ ಕೆಂಪು ಗಾಜಿನ ದೀಪ ಜೋಡಿಸಿದ್ರು, ಆರು ತಂದು ಬಾಗಿಲ ಎರಡೂ ಕಡೆ ಹಚ್ಚಿಟ್ಟೆ. ದನೂತಾನ ಊಟಕ್ಕೆ ಕರೆದಿದ್ದೆ. ನಿಜ ಹೇಳ್ತೀನಿ, ಪ್ರೀತಿಗಲ್ಲ, ನಮಗೂ ಏನೋ ಇದೆ ಅಂತ ತೋರಿಸ್ಕೊಳ್ಳೋಕೆ. ಅವಳು ಗೇಟಲ್ಲೇ ನಿಂತ್ಬಿಟ್ಲು. ಶಿಲುಬೆ ಗುರುತು ಮಾಡ್ಕೊಂಡು, ಮೆಲ್ಲಗೆ, “ಯಾರು ತೀರ್ಕೊಂಡ್ರು ಶಾರದಾ?” ಅಂದ್ಲು. ಯಾರೂ ಇಲ್ಲ, ನಮ್ಮ ಹಬ್ಬ ಅಂದೆ. ಇವು ಗೋರಿ ಮೇಲಿಡೋ ದೀಪ ಅಂದ್ಲು. ನಾಚಿಕೆಯಾಗಿ ಆರಿಸೋಕೆ ಬಗ್ಗಿದೆ ನೋಡಿ, ಬಗ್ಗಿದೋಳಿಗೆ ಬಾಯಿಗೆ ಬಂದ್ಬಿಡ್ತು, “ನಮ್ಮಪ್ಪ ಹೋದ್ರು. ಜೂನಲ್ಲೇ. ನಿನಗೆ ಹೇಳ್ಬಾರ್ದು ಅಂತಿದ್ದೆ.”

ಅವಳು ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತ್ಲು. ಅವರೂರ ಸ್ಮಶಾನದಲ್ಲಿ, ಯುದ್ಧಕ್ಕೆ ಮುಂಚೆ ಅಲ್ಲೇ ಇದ್ದ ಜರ್ಮನರ ಹಳೇ ಗೋರಿ ಒಂದು ಸಾಲಿದ್ಯಂತೆ. ಅವರ ಮಕ್ಕಳು ಊರು ಬಿಟ್ಟು ಎಷ್ಟೋ ಕಾಲ ಆಯ್ತು, ಬರೋರಿಲ್ಲ. ಅವಕ್ಕೂ ಊರೋರೇ ಒಂದೊಂದು ಹಚ್ತಾರಂತೆ. “ಅಲ್ಲೇ ನಿಮ್ಮಪ್ಪಂಗೂ ಹಚ್ತೀನಿ, ಹೆಸರು ಬರೆದುಕೊಡು” ಅಂದ್ಲು. ನವೆಂಬರಲ್ಲಿ ಊರಿಗೆ ಹೋದೋಳು ಹಚ್ಚಿ ಫೋಟೋನೂ ತಂದುಕೊಟ್ಲು. ಅದನ್ನ ನೋಡಿ ನಾನು ಅತ್ಬಿಟ್ಟೆ. ಸಂತೋಷಕ್ಕೆ ಅಂದ್ಕೊಂಡ್ಲು ಪಾಪ. ನಮ್ಮಪ್ಪನ ಮುಖಾನೇ ನೋಡದೋಳು ದೀಪ ಹಚ್ಚಿದ್ಲು, ಹೆತ್ತ ಮಗಳು ನಾನು ಅಪ್ಪಂಗೆ ಅಂತ ಒಂದೂ ಹಚ್ಚಿರ್ಲಿಲ್ಲ, ಅದಕ್ಕೆ ಅತ್ತಿದ್ದು. ಅವಳ ಮೇಲೆ ಹೊಟ್ಟೆಕಿಚ್ಚು ಇವತ್ತಿಗೂ ಪೂರ್ತಿ ಹೋಗಿಲ್ಲ. ಇರ್ಲಿ. ಹೊಟ್ಟೆ ಉರ್ಕೊಂಡ್ರೂ ಉರ್ಕೊಳ್ಳಿ, ಮನೇಲಿ ಸಾವಾದ್ರೆ ಮಾತ್ರ ಪಕ್ಕದಲ್ಲಿರೋರಿಗೆ ಹೇಳ್ಬಿಡಿ. ಏಳಿ, ಸಾರು ಆರೋಗುತ್ತೆ.