ಪಿಳ್ಳಮ್ಮ ಸೂಜಿ ಸಾಕೆಂದಾಗ

ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ಇಂದು ನಾವು ಸನ್ಮಾನಿಸುತ್ತಿರುವ ನರ್ಸ್ ಆದಿಲಕ್ಷ್ಮಮ್ಮನವರೇ, ಬಂಗಾರಪೇಟೆಯ ಈ ಬಿಸಿಲಲ್ಲೂ ಬಂದು ಕೂತಿರುವ ಸಭಿಕರೇ,

ನಾನು ಬೂದಿಕೋಟೆಯ ಬೈರೇಶ್. ಹಸು ಕಟ್ಟಿ ಡೇರಿಗೆ ಹಾಲು ಹಾಕುವವನು. ಡೇರಿ ಸಭೆಯಲ್ಲಿ ನಾನು ಮಾತಿಗೆ ಎದ್ದರೆ ಜನ ಟೀಗೆ ಏಳುತ್ತಾರೆ. ಇವತ್ತು ದಯವಿಟ್ಟು ಕೂತಿರಿ.

ನನ್ನ ಹೆಂಡತಿ ಪಿಳ್ಳಮ್ಮನಿಗೆ ಗರ್ಭಕೋಶದ ಕ್ಯಾನ್ಸರ್. ವಾಸಿಯಾಗುವ ಹಂತ ದಾಟಿದೆ, ನೋವಿಲ್ಲದಂತೆ ನೋಡಿಕೊಳ್ಳೋಣ ಎಂದು ಡಾಕ್ಟರು ಹೇಳಿದ ಮೇಲೆ ಆದಿಲಕ್ಷ್ಮಮ್ಮನವರು ಮನೆಗೆ ಬರತೊಡಗಿದರು. ಒಂದು ಬೆಳಿಗ್ಗೆ ಅವಳ ಎಡಗಾಲು ಬಾತು ಬಿಗಿದುಕೊಂಡಿತ್ತು. ಉಜ್ಜೋಣವೆಂದು ನಾನು ಎಣ್ಣೆ ಬಿಸಿ ಮಾಡಿದ್ದೆ. ಇವರು ಬಂದವರೇ ತಡೆದರು.

"ಉಜ್ಜಬ್ಯಾಡಿ ಅಣ್ಣಾ. ರಕ್ತ ಎಪ್ಪುಗಟ್ಟಿರಂಗೈತೆ. ಅದು ಕಿತ್ಕೊಂಡು ಶ್ವಾಸಕೋಶಕ್ಕೋದ್ರೆ ಕಷ್ಟ."

ಸ್ಕ್ಯಾನಿನಲ್ಲೂ ಅದೇ ಬಂತು. ರಕ್ತ ಇನ್ನಷ್ಟು ಹೆಪ್ಪುಗಟ್ಟದಂತೆ ದಿನವೂ ಹೊಟ್ಟೆಯ ಚರ್ಮದಡಿ ಇಂಜೆಕ್ಷನ್. ಕೊಡುವುದನ್ನು ನನಗೇ ಕಲಿಸಿದರು. ಬರಬರುತ್ತ ಊತ ಇಳಿಯಿತು. ಪಿಳ್ಳಮ್ಮ ಕೊಟ್ಟಿಗೆಯವರೆಗೆ ನಡೆದು ಬಂದು, ನಾನು ಸಗಣಿ ಬಾಚಿದ್ದು ಸರಿಯಿಲ್ಲವೆಂದು ಬೈದಳು. ಹೆಂಡತಿ ಬೈದಳೆಂದು ಸಂತೋಷಕ್ಕೆ ಅತ್ತ ಗಂಡಸನ್ನು ನೀವು ನೋಡಿದ್ದೀರಾ? ಈಗ ನೋಡುತ್ತಿದ್ದೀರಿ.

ಆಮೇಲೆ ಅವಳು ಪೂರ್ತಿ ಹಾಸಿಗೆ ಹಿಡಿದಳು. ಸೂಜಿ ಚುಚ್ಚಿ ಚುಚ್ಚಿ ಹೊಟ್ಟೆಯೆಲ್ಲ ನೀಲಿಗಟ್ಟಿತ್ತು. "ಸಾಕು ಕಣಯ್ಯಾ, ಇನ್ನ ಚುಚ್ಬ್ಯಾಡ" ಎಂದಳು. ನಾನು ಒಪ್ಪಲಿಲ್ಲ. ನಿಲ್ಲಿಸಿದರೆ ನಾನೇ ಕೊಂದಂತಲ್ಲವೇ? ನನ್ನ ಕೈಯಾರೆ ಕಳಿಸಿದಂತಲ್ಲವೇ?

ಆದಿಲಕ್ಷ್ಮಮ್ಮ ಡಾಕ್ಟರನ್ನು ಕರೆತಂದರು. ಅವರು ಪಿಳ್ಳಮ್ಮನ ಪಕ್ಕವೇ ಕೂತು, ಈ ಹಂತದಲ್ಲಿ ಸೂಜಿಯಿಂದ ಹೆಚ್ಚು ಉಪಯೋಗವಿಲ್ಲ, ನಿಲ್ಲಿಸಿದರೆ ಉಸಿರಿಗೆ ತೊಂದರೆಯಾಗಲೂಬಹುದು ಎಂದು ಎರಡನ್ನೂ ಬಿಡಿಸಿ ಹೇಳಿದರು.

"ನಂಗೊತ್ತೈತೆ ಸಾಮಿ. ಈಯಪ್ಪಂಗೆ ಯೋಳಿ" ಎಂದಳು.

ನಾನು ಎದ್ದು ಅಂಗಳಕ್ಕೆ ಹೋದೆ. ಆದಿಲಕ್ಷ್ಮಮ್ಮ ಹಿಂದೆಯೇ ಬಂದರು. "ಉಸಿರು ಕಟ್ಟಿದ್ರೆ ಕೊಡೋ ಔಷ್ದಿ ಮನೇಲೇ ಇಟ್ಟೋಗ್ತೀನಿ ಅಣ್ಣಾ. ಫೋನ್ ಮಾಡಿ, ನಾನೂ ಬತ್ತೀನಿ. ಅಕ್ಕನ್ನ ನಾವ್ಯಾರೂ ಬಿಟ್ಟಾಕಲ್ಲ."

ಮರುದಿನದಿಂದ ನಾನು ಸೂಜಿ ಹಿಡಿಯಲಿಲ್ಲ.

ಉಸಿರು ಕಟ್ಟಿತು, ಸಭಿಕರೇ, ನಿಮ್ಮೆದುರು ಮುಚ್ಚಿಡುವುದಿಲ್ಲ. ಒಂದು ಮಧ್ಯಾಹ್ನ. ಇವರು ಓಡಿ ಬಂದು ಔಷಧಿ ಕೊಟ್ಟು, ಅವಳನ್ನು ಮೆಲ್ಲಗೆ ಎತ್ತಿ ನನ್ನ ಎದೆಗೆ ಒರಗಿಸಿದರು. ಏದುಸಿರು ತಗ್ಗಿತು. ಮದುವೆಯಾದಾಗಿನಿಂದ ಹಗಲು ಹೊತ್ತಿನಲ್ಲಿ, ಇನ್ನೊಬ್ಬರ ಎದುರು, ಅವಳು ನನಗೆ ಒರಗಿ ಕೂತದ್ದು ಅದೇ ಮೊದಲು.

"ಬಾಗ್ಲಾಕು, ಯಾರಾರ ನೋಡ್ತಾರೆ" ಎಂದಳು.

ಅದೇ ಅವಳ ಕೊನೆಯ ಮಾತು. ನಾನು ಬಾಗಿಲು ಹಾಕಲಿಲ್ಲ. ಸಂಜೆಯವರೆಗೆ ಹಾಗೇ ಕೂತಿದ್ದೆವು.

ಆದಿಲಕ್ಷ್ಮಮ್ಮನವರೇ, ಆ ಮಧ್ಯಾಹ್ನವನ್ನು ನಮಗೆ ಕೊಟ್ಟವರು ನೀವು. ನಮ್ಮಿಬ್ಬರ ಪರವಾಗಿ ನಿಮಗೆ ಧನ್ಯವಾದ. ಎಲ್ಲರಿಗೂ ನಮಸ್ಕಾರ.